ಸ್ಯಾಡಲ್ ಕೊಳ್ಳುವ ಮೊದಲು ಹಗ್ಗ ಎಲ್ಲಿ ಕಟ್ಟುತ್ತೀರಿ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಾಗರದ ಕಡೆ. ಕೆಲಸದ ಮೇಲೆ ಬಂದು ಈಗ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿದ್ದೇನೆ. ಆಫೀಸಿನ ಗೆಳೆಯರಿಂದ ಬಿಲ್ಲಿನ ಬೇಟೆ ಅಭ್ಯಾಸವಾಯಿತು. ಹೋಗುವುದು ವಾಟರ್‌ಲೂ ರಿಕ್ರಿಯೇಷನ್ ಏರಿಯಾದಂಥ ಸಾರ್ವಜನಿಕ ಕಾಡಿಗೆ. ನನ್ನ ಕ್ಲೈಂಬರ್ ಸ್ಟ್ಯಾಂಡ್ (ಕಾಂಡಕ್ಕೆ ಸಿಕ್ಕಿಸಿ ಅದರ ಸಮೇತ ಮರ ಹತ್ತುವ ಲೋಹದ ಆಸನ) 10 ಕೆ.ಜಿ. ದಾಟುತ್ತದೆ. ಹೊತ್ತುಕೊಂಡು ಒಂದು ಮೈಲಿ ನಡೆದರೆ ಬೆನ್ನೆಲ್ಲ ಬೆವರು, ಆಮೇಲೆ ಮರದ ಮೇಲೆ ಚಳಿ. ಕೊಂಬೆಯಿಲ್ಲದ ನೇರ ಮರವೇ ಬೇಕು ಎಂಬ ಕಾಟ ಬೇರೆ. ಮರಕ್ಕೆ ಹಗ್ಗ ಕಟ್ಟಿ ಜೋತು ಕೂರುವ ಸ್ಯಾಡಲ್ ಎಂಬ ಬಟ್ಟೆಯ ಆಸನಕ್ಕೆ ಬದಲಾಯಿಸೋಣವೆಂದು ಅಂಗಡಿಗೆ ಹೋಗಿ ಹತ್ತು ನಿಮಿಷ ಜೋತು ನೋಡಿದೆ, ಸೊಂಟದ ಎರಡೂ ಪಕ್ಕ ಇಕ್ಕಳದಲ್ಲಿ ಹಿಡಿದಂತಾಯಿತು. ವಯಸ್ಸು 43, ತೂಕ 86 ಕೆ.ಜಿ., ಕೆಳಬೆನ್ನಿನ ಡಿಸ್ಕ್ ತೊಂದರೆ ಹಿಂದೆ ಒಮ್ಮೆ ಆಗಿತ್ತು. ಒಬ್ಬರು ದಪ್ಪ ಪ್ಯಾಡಿನದು ತಗೋ ಅನ್ನುತ್ತಾರೆ, ಇನ್ನೊಬ್ಬರು ಅತಿ ಹಗುರದ್ದೇ ಸರಿ ಅನ್ನುತ್ತಾರೆ. ಸ್ಯಾಡಲ್‌ನಲ್ಲಿ ಬೀಳುವ ಮಾತೇ ಇಲ್ಲ ಎನ್ನುವುದು ನಿಜವೇ? ಹೆಂಡತಿಗಂತೂ ಭಯ. ಊರಿನಲ್ಲಿ ಅಪ್ಪಯ್ಯ, "ನಮ್ಮ ಅಡಿಕೆ ಕೊಯ್ಯೋ ಕೊನೆಗಾರ ಕಾಲಿಗೆ ತಳೆ ಹಾಕ್ಕೊಂಡು ಹತ್ತಿ ಇಳೀತಾನೆ, ನಿನಗೆ ಇಷ್ಟೆಲ್ಲ ಸಾಮಾನು ಯಾಕೆ" ಎಂದು ನಗುತ್ತಾರೆ. ದಾರಿ ಹೇಳಿ.

ಉತ್ತರ: ಪ್ರಶ್ನೆಗಳು ಹಲವು ಇದ್ದರೂ ನಿಮ್ಮ ಚಿಂತೆ ಒಂದೇ. ಹಗುರದ್ದು ಕೊಂಡರೆ ಸೊಂಟ ಹೋದೀತು, ಆರಾಮದ್ದು ಕೊಂಡರೆ ಕ್ಲೈಂಬರ್ ಹೊತ್ತ ಕಥೆಯೇ ಮತ್ತೆ ಶುರುವಾದೀತು. ಅಂಗಡಿಯ ಆ ಹತ್ತು ನಿಮಿಷ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ನಿಮಗೆ ನೋವು ಕೊಟ್ಟದ್ದು ಬಹುಶಃ ಸ್ಯಾಡಲ್ ಅಲ್ಲವೇ ಅಲ್ಲ.

ನಾನು ಆರ್ಬರಿಸ್ಟ್. ಮನೆಗಳ ಮೇಲೆ ಬಾಗಿದ ಮರಗಳನ್ನು ಹಗ್ಗದಲ್ಲಿ ಹತ್ತಿ ಕೊಂಬೆ ಇಳಿಸುವುದು ಹೊಟ್ಟೆಪಾಡು, ಅಕ್ಟೋಬರ್ ಬಂದರೆ ಬೇಟೆಗೂ ಹತ್ತುತ್ತೇನೆ. ಕರ್ನಾಟಕದಲ್ಲಿ ಕೂತು ಓದುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಮಿಷಿಗನ್ನಿನಲ್ಲಿ ವೈಟ್‌ಟೇಲ್ ಜಿಂಕೆಗೆ ಪರವಾನಗಿ, ಋತು, ಮಿತಿ ಎಲ್ಲ ನಿಗದಿಯಾಗಿದೆ. 1960ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಮುಗಿಸಬೇಕು. ಬಿಲ್ಲಿನ ಋತು ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ನವೆಂಬರ್ 15ಕ್ಕೆ ಬಂದೂಕಿನವರು ಬರುತ್ತಾರೆ. ಬಿಲ್ಲುಗಾರನಿಗೆ ಜಿಂಕೆ ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು, ಅದಕ್ಕೇ ಮರದ ಮೇಲೆ ಕಾಯುವುದು.

ಸ್ಯಾಡಲ್ ಎಂದರೆ ಸೊಂಟದ ಕೆಳಗೆ ಸುತ್ತಿಕೊಳ್ಳುವ ಬಟ್ಟೆಯ ಆಸನ. ಅದರ ಎಡಬಲದ ಕುಣಿಕೆಗಳನ್ನು ಮುಂದುಗಡೆ ಒಂದು ಗಿಡ್ಡ ಹಗ್ಗ ಸೇರಿಸುತ್ತದೆ, ಅದು ಬ್ರಿಡ್ಜ್. ಬ್ರಿಡ್ಜ್ ಕ್ಯಾರಬಿನರ್ ಎಂಬ ಲೋಹದ ಕೊಂಡಿಯ ಮೂಲಕ ಟೆದರ್ ಎಂಬ ಇನ್ನೊಂದು ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ, ಟೆದರ್ ಮರಕ್ಕೆ ಬಿಗಿದಿರುತ್ತದೆ. ಮರದ ಕಡೆ ಮುಖ ಮಾಡಿ, ಕಾಲನ್ನು ಅಂಗೈಯಗಲದ ಪ್ಲಾಟ್‌ಫಾರ್ಮ್ ಮೇಲಿಟ್ಟು ಹಿಂದಕ್ಕೆ ವಾಲಿ ನಿಲ್ಲುತ್ತೀರಿ, ಇಲ್ಲವೇ ಮೊಣಕಾಲನ್ನು ಮರಕ್ಕೆ ಊರಿ ಕೂರುತ್ತೀರಿ. ಇದೇನು ನಿನ್ನೆ ಮೊನ್ನೆಯದಲ್ಲ. ನಿಮ್ಮ ರಾಜ್ಯದ ಜಾನ್ ಎಬರ್‌ಹಾರ್ಟ್ 1980ರ ದಶಕದಿಂದಲೇ ಸ್ಯಾಡಲ್‌ನಲ್ಲಿ ಬೇಟೆಯಾಡಿದವರು. ಆಗ ವಿಚಿತ್ರವೆಂದು ನೋಡುತ್ತಿದ್ದರು, ಕಳೆದ ಕೆಲವು ವರ್ಷಗಳಲ್ಲಿ ಟೆದರ್ಡ್, ಲ್ಯಾಟಿಟ್ಯೂಡ್, ಟ್ರೋಫಿಲೈನ್ ಮುಂತಾದ ಕಂಪನಿಗಳಿಂದಾಗಿ ಇದು ಎಲ್ಲರ ಬಾಯಲ್ಲೂ ಇದೆ.

ಈಗ ನಿಮ್ಮ ಸೊಂಟದ ನೋವಿಗೆ ಬರೋಣ. ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದು ಕಂಬಕ್ಕೆ ಟೆದರ್ ಕಟ್ಟಿರುತ್ತಾರೆ, ಎತ್ತರ ಯಾರದೋ ಅಳತೆಗೆ. ಬ್ರಿಡ್ಜ್ ಪೆಟ್ಟಿಗೆಯಿಂದ ಬಂದಷ್ಟೇ ಉದ್ದ. ಕಾಲ ಕೆಳಗೆ ಪ್ಲಾಟ್‌ಫಾರ್ಮ್ ಇರುವುದಿಲ್ಲ, ಇದ್ದರೂ ನೆಲದಿಂದ ಗೇಣೆತ್ತರ. ನೀವು ಅಭ್ಯಾಸಬಲದಿಂದ ಕುರ್ಚಿಯಲ್ಲಿ ಕೂತಂತೆ ಪೂರ್ತಿ ಭಾರ ಬಿಟ್ಟಿರುತ್ತೀರಿ.

ಬ್ರಿಡ್ಜ್ ಗಿಡ್ಡವಾದಷ್ಟೂ ಅದರ ಎರಡು ತುದಿಗಳು ನಿಮ್ಮ ಸೊಂಟವನ್ನು ಒಳಕ್ಕೆ ಎಳೆಯುತ್ತವೆ. ಲೆಕ್ಕ ಹಾಕಿ ನೋಡಿ. ಎರಡು ಕುಣಿಕೆಗಳ ನಡುವೆ 40 ಸೆಂ.ಮೀ. ಅಂತರ, ಬ್ರಿಡ್ಜ್ 60 ಸೆಂ.ಮೀ., ನಿಮ್ಮ 86 ಕೆ.ಜಿ. ಪೂರ್ತಿ ಅದರ ಮೇಲೆ ಎಂದಿಟ್ಟುಕೊಳ್ಳಿ. ಒಂದೊಂದು ಪಕ್ಕವನ್ನೂ ಸುಮಾರು 38 ಕೆ.ಜಿ.ಯಷ್ಟು ಬಲ ಒಳಕ್ಕೆ ಒತ್ತುತ್ತದೆ. ಅದೇ ಬ್ರಿಡ್ಜನ್ನು 80 ಸೆಂ.ಮೀ.ಗೆ ಸಡಿಲಿಸಿದರೆ 25ಕ್ಕೆ ಇಳಿಯುತ್ತದೆ. ಸ್ಯಾಡಲ್ ಅದೇ, ಪ್ಯಾಡು ಅದೇ, ಮೂರನೇ ಒಂದು ಭಾಗ ನೋವು ಹಗ್ಗ ಸಡಿಲಿಸಿದ್ದಕ್ಕೇ ಹೋಯಿತು. ಆದ್ದರಿಂದ ನಾನು ಮೊದಲು ಕೇಳುವುದು ಬ್ರಿಡ್ಜಿನ ಉದ್ದವನ್ನು ಮರದ ಮೇಲೆ, ಕೈಗವಸು ಹಾಕಿಕೊಂಡು, ಬದಲಿಸಲು ಬರುತ್ತದೆಯೇ ಎಂದು. ಬರದಿದ್ದರೆ ಆ ಸ್ಯಾಡಲ್ ಬೇಡ. ತೀರಾ ಉದ್ದ ಬಿಟ್ಟರೂ ಕಷ್ಟವಿದೆ, ಕ್ಯಾರಬಿನರ್ ಕೈಗೆ ಎಟುಕದಷ್ಟು ದೂರ ಹೋಗುತ್ತದೆ.

ಟೆದರ್ ಎತ್ತರ ಎರಡನೆಯದು. ಹಣೆಯ ಮಟ್ಟದಲ್ಲಿ ಕಟ್ಟಿ ಶುರುಮಾಡಿ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಸರಿಸುತ್ತ, ಕೂರಲು ಯಾವ ಎತ್ತರ ಸಲೀಸು, ವಾಲಿ ನಿಲ್ಲಲು ಯಾವುದು ಸಲೀಸು ನೋಡಿಕೊಳ್ಳಿ. ಒಂದು ಗೇಣು ವ್ಯತ್ಯಾಸದಲ್ಲಿ ಬೇರೆಯೇ ಸ್ಯಾಡಲ್ ಹಾಕಿಕೊಂಡಂತೆ ಅನ್ನಿಸುತ್ತದೆ. ಸ್ಯಾಡಲ್ಲಿನ ಕೆಳ ಅಂಚು ತೊಡೆಯ ಹಿಂಭಾಗವನ್ನು ಹಿಡಿದಿರಬೇಕು. ಸೊಂಟದ ಬೆಲ್ಟು ಸ್ಯಾಡಲ್ ಜಾರದಂತೆ ತಡೆಯಲಷ್ಟೇ ಇರುವುದು. ಅದನ್ನು ಉಸಿರುಕಟ್ಟುವಂತೆ ಬಿಗಿದುಕೊಂಡವರು ತೊಡೆಯ ಹೊರಮೈ ಜೋಮು ಹಿಡಿಯಿತೆಂದು ಬರುತ್ತಾರೆ, ನರ ಒತ್ತಿರುತ್ತದೆ. ಬೆಲ್ಟು ಎರಡು ಬೆರಳು ಸಡಿಲಿಸಿದರೆ ಮುಗಿಯಿತು.

ದಪ್ಪ ಪ್ಯಾಡಿನ ಸಲಹೆ ಕೊಟ್ಟ ಗೆಳೆಯರು ಸೋಫಾ ಲೆಕ್ಕದಲ್ಲಿ ಯೋಚಿಸಿದ್ದಾರೆ. ಸ್ಯಾಡಲ್‌ನಲ್ಲಿ ಭಾರ ಹರಡುವುದು ಬಟ್ಟೆಯ ಅಗಲ ಮತ್ತು ಆಕಾರದಿಂದ. ಪ್ಯಾಡು ಅಂಚುಗಳನ್ನು ಮೃದುಮಾಡುತ್ತದೆ, ಅಷ್ಟೇ. ಜೊತೆಗೆ ಅದು ಬೆವರು ಹಿಡಿಯುತ್ತದೆ, ನಡೆಯುವಾಗ ತೊಡೆಗೆ ಬಡಿಯುತ್ತದೆ, ಮಳೆಯಲ್ಲಿ ನೆನೆದರೆ ಒಣಗುವುದಿಲ್ಲ.

ಅತಿ ಹಗುರದ್ದೇ ಸರಿ ಎಂದವರ ಲೆಕ್ಕವೂ ಅರ್ಧ. ಬರೀ ಸ್ಯಾಡಲ್ ಮುಕ್ಕಾಲು ಕೆ.ಜಿ.ಯಿಂದ ಒಂದೂವರೆ ಕೆ.ಜಿ. ಒಳಗೆ ಬರುತ್ತದೆ. ನಿಮ್ಮ ಬೆನ್ನಿನ ಮೇಲಿನ ನಿಜವಾದ ಭಾರ ಮರ ಹತ್ತಲು ಕಾಂಡಕ್ಕೆ ಬಿಗಿಯುವ ಮೆಟ್ಟಿಲುಗಳು, ಅಂದರೆ ಸ್ಟಿಕ್‌ಗಳು, ಮತ್ತು ಪ್ಲಾಟ್‌ಫಾರ್ಮ್. ನಾಲ್ಕು ಅಲ್ಯುಮಿನಿಯಂ ಸ್ಟಿಕ್, ಒಂದು ಪ್ಲಾಟ್‌ಫಾರ್ಮ್, ಹಗ್ಗಗಳು ಸೇರಿದರೆ ಐದಾರು ಕೆ.ಜಿ. ಸುಲಭವಾಗಿ ಆಗುತ್ತದೆ. ಸ್ಯಾಡಲ್‌ನಲ್ಲಿ ಕಾಲು ಕೆ.ಜಿ. ಉಳಿಸಲು ನೂರು ಡಾಲರ್ ಹೆಚ್ಚು ಕೊಟ್ಟು, ಮೇಲೆ ಹಳೇ ಕಬ್ಬಿಣದಂಥ ಸ್ಟಿಕ್ ಹೊತ್ತು ನಡೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಹಗುರ ಬೇಕಾದರೆ ಸ್ಟಿಕ್‌ನಲ್ಲಿ ಹುಡುಕಿ. ಪ್ಲಾಟ್‌ಫಾರ್ಮ್ ಮಾತ್ರ ತೀರಾ ಚಿಕ್ಕದು ಬೇಡ, ನಿಂತ ಪಾದಕ್ಕೆ ಅಲುಗಾಡಲು ಜಾಗವಿಲ್ಲದಿದ್ದರೆ ಎರಡನೇ ಗಂಟೆಗೆ ಅಂಗಾಲು ಉರಿಯುತ್ತದೆ, ಆಗ ಸೊಂಟದ ಮೇಲೆ ಭಾರ ಹೆಚ್ಚು ಬೀಳುತ್ತದೆ. ಒಳ್ಳೆಯ ಮೊಣಕಾಲು ಪ್ಯಾಡಿಗೂ ಹಣ ಹಾಕಿ. ಓಕ್ ತೊಗಟೆಗೆ ಮೊಣಕಾಲು ಊರಿ ಕೂತವರಿಗೆ ಅದರ ಬೆಲೆ ಗೊತ್ತು.

ಮಾರುಕಟ್ಟೆಯಲ್ಲಿರುವ ಸ್ಯಾಡಲ್‌ಗಳನ್ನು ಸ್ಥೂಲವಾಗಿ ಮೂರು ಬಗೆ ಮಾಡಬಹುದು. ಒಂದೇ ಹಾಳೆಯ ಸ್ಯಾಡಲ್ ಸರಳ, ಹಗುರ, ಮೈಗಂಟಿಕೊಂಡೇ ನಡೆಯಬಹುದು, ಸದ್ದಿಲ್ಲ. ಹೊಂದಿಸಲು ಬಂದರೆ ಮೂರು ನಾಲ್ಕು ಗಂಟೆ ಧಾರಾಳ. ಎರಡು ಹಾಳೆಯದರಲ್ಲಿ ಒಂದು ಪಟ್ಟಿ ತೊಡೆಗೆ, ಇನ್ನೊಂದು ಸೊಂಟಕ್ಕೆ. ಎರಡನ್ನೂ ದೂರ ಹತ್ತಿರ ಸರಿಸಬಹುದು. ಒಂದೇ ಗೆರೆಯ ಮೇಲೆ ಭಾರ ಬೀಳದಂತೆ ಆಗಾಗ ಬದಲಿಸಿಕೊಳ್ಳಬಹುದೆಂಬುದೇ ಇದರ ಲಾಭ. ಕತ್ತಲಲ್ಲಿ ಪಟ್ಟಿ ಸಿಕ್ಕುಹಾಕಿಕೊಳ್ಳುವುದು, ಹೊಂದಿಕೆ ಕಲಿಯಲು ಸಮಯ ಹಿಡಿಯುವುದು ಇದರ ಉಪದ್ರವ. ಮೂರನೆಯದು ಜೆಎಕ್ಸ್3 ಹೈಬ್ರಿಡ್‌ನಂಥ ಚೌಕಟ್ಟಿರುವ ಆಸನ. ಮರಕ್ಕೆ ಕಟ್ಟಿದ ಕುರ್ಚಿಯೆಂದೇ ಹೇಳಬಹುದು, ಸೊಂಟ ಹಿಂಡುವುದಿಲ್ಲ. ಆದರೆ ಗಾತ್ರ ದೊಡ್ಡದು, ಭಾರವೂ ಹೆಚ್ಚು, ಮರದ ಸುತ್ತ ಸರಿದಾಡುವ ಸಲೀಸು ಕಡಿಮೆ. ನನ್ನಂಥವರು ಕೆಲಸಕ್ಕೆ ಹಾಕುವ ಆರ್ಬರಿಸ್ಟ್ ಹಾರ್ನೆಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಗಟ್ಟಿ, ಆರಾಮ, ಆದರೆ ಲೋಹದ ಉಂಗುರಗಳು ಗಲಗಲ ಎನ್ನುತ್ತವೆ. ನವೆಂಬರ್ ಬೆಳಗಿನ ನಿಶ್ಶಬ್ದದಲ್ಲಿ ಆ ಸದ್ದು ಜಿಂಕೆಗೆ ಕೇಳದೇ ಇರದು.

ನಿಮ್ಮ ಬೆನ್ನಿನ ಇತಿಹಾಸ ನೋಡಿದರೆ ನಾನು ಎರಡು ಹಾಳೆಯದನ್ನು, ಇಲ್ಲವೇ ಅಗಲವಾದ ಒಂದು ಹಾಳೆಯದರ ಜೊತೆ ಬೆನ್ನುಪಟ್ಟಿಯನ್ನು ಆರಿಸುತ್ತೇನೆ. ಕೂರುವ ಭಂಗಿಯಲ್ಲಿ ಸೊಂಟ ಹಿಂದಕ್ಕೆ ಮಗುಚಿ ಕೆಳಬೆನ್ನು ಗೂನಾಗುತ್ತದೆ, ಡಿಸ್ಕ್ ತೊಂದರೆಯಿದ್ದವರಿಗೆ ಅದು ಒಗ್ಗುವುದಿಲ್ಲ. ವಾಲಿ ನಿಂತಾಗ ಬೆನ್ನು ನೇರವಿರುತ್ತದೆ. ಆದ್ದರಿಂದ ನಿಮ್ಮ ಮುಖ್ಯ ಭಂಗಿ ವಾಲುವುದಾಗಿರಲಿ, ಕೂರುವುದು ಕಾಲಿಗೆ ವಿರಾಮ ಕೊಡಲು. ನಿಮ್ಮ ಫಿಸಿಯೊಥೆರಪಿಸ್ಟ್‌ಗೆ ಒಂದು ಫೋಟೊ ತೋರಿಸಿ ಕೇಳಿ, ನಿಮ್ಮ ಬೆನ್ನು ಅವರಿಗೆ ಗೊತ್ತು. ಕಾಲಿಗೆ ಜೋಮು ಇಳಿಯುವ ನೋವು ಈಗಲೂ ಇದ್ದರೆ ಈ ವರ್ಷ ಸ್ಯಾಡಲ್ ವಿಚಾರವೇ ಬೇಡ. ಖಾಸಗಿ ಜಾಗ ಸಿಕ್ಕಿ, ಅದೇ ಒಂದು ಮರದಲ್ಲಿ ದಿನವಿಡೀ ಕೂರುವವರಾಗಿದ್ದರೆ ಏಣಿ ಇರುವ ಸ್ಟ್ಯಾಂಡೇ ಮೇಲು ಎಂದು ಹೇಳಿಬಿಡುತ್ತಿದ್ದೆ. ದಿನಕ್ಕೊಂದು ಮರ ಬದಲಿಸುವ ನಿಮ್ಮಂಥವರಿಗೆ ಸ್ಯಾಡಲ್ ಹೊಂದುತ್ತದೆ.

ಓಡಾಟದ ಹಗುರತನಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಮರದ ಮೇಲಿನ ಚಲನೆ. ನೀವು ಬಲಗೈ ಬಿಲ್ಲುಗಾರರಾದರೆ ನಿಮ್ಮ ಎಡಗಡೆ ಸುಲಭದ ದಿಕ್ಕು. ಜಿಂಕೆ ಬರುವ ಜಾಡು ಎಡಕ್ಕೆ ಬೀಳುವಂತೆ ಮರ ಆರಿಸಿ, ಕಾಂಡ ನಿಮಗೂ ಜಾಡಿಗೂ ನಡುವೆ ಇರಲಿ, ಅದೇ ನಿಮ್ಮ ಮರೆ. ಬಲಗಡೆಗೆ ಬಂದರೆ ಪ್ಲಾಟ್‌ಫಾರ್ಮ್ ಮೇಲೆ ಹೆಜ್ಜೆ ತಿರುಗಿಸಿ, ಟೆದರ್ ಕೆಳಗೆ ತಲೆ ನುಸುಳಿಸಿ, ಮರಕ್ಕೆ ಬೆನ್ನು ಮಾಡಿ ಬಿಲ್ಲು ಎಳೆಯಬೇಕು. ಇದನ್ನು ಹಿತ್ತಲಲ್ಲಿ ಕಲಿಯದೆ ಕಾಡಿನಲ್ಲಿ ಮಾಡಹೊರಟರೆ ಬಿಲ್ಲಿನ ಕೆಳತೋಳು ಮೊಣಕಾಲಿಗೋ ಬ್ರಿಡ್ಜಿಗೋ ತಗಲುತ್ತದೆ.

ಬೀಳುವ ಮಾತೇ ಇಲ್ಲವೆಂಬುದು ತಪ್ಪು. ಆದರೂ ಈ ಮಾತಿಗೆ ಅರ್ಧ ಆಧಾರವಿದೆ. ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವ ತನಕ ಕಟ್ಟಿಕೊಂಡೇ ಇರುತ್ತೀರಿ. ಪ್ಲಾಟ್‌ಫಾರ್ಮ್‌ನಿಂದ ಕಾಲು ಜಾರಿದರೂ ಕೂತ ಭಂಗಿಯಲ್ಲೇ ಜೋತು, ಮತ್ತೆ ಕಾಲಿಟ್ಟುಕೊಳ್ಳಬಹುದು. ಸ್ಟ್ಯಾಂಡಿನವರ ಬೆನ್ನಹಿಂದಿನ ಹಾರ್ನೆಸ್‌ನಲ್ಲಿ ಬಿದ್ದು ಜೋತರೆ ಮರಕ್ಕೆ ಮರಳುವುದೇ ಕಷ್ಟ. ಇಷ್ಟು ನಿಜ. ಆದರೆ ಸ್ಯಾಡಲ್ ಇರುವುದು ನಿಮ್ಮನ್ನು ಹಿಡಿದು ನಿಲ್ಲಿಸಲು, ಬಿದ್ದವರನ್ನು ತಡೆಯಲು ಅದನ್ನು ಮಾಡಿಲ್ಲ. ಬೇಟೆಗೆ ಬಳಸುವ ಹಗ್ಗ ಬಹುಪಾಲು ಹಿಗ್ಗದ ಜಾತಿಯದು. ಟೆದರ್‌ನಲ್ಲಿ 60 ಸೆಂ.ಮೀ. ಸಡಿಲ ಬಿಟ್ಟು ನಿಂತಿದ್ದೀರಿ, ಕಾಲು ಜಾರಿತು, 5 ಸೆಂ.ಮೀ.ನಲ್ಲಿ ನಿಂತಿರಿ ಎಂದುಕೊಳ್ಳಿ. ನಿಮ್ಮ ತೂಕದ ಸುಮಾರು ಹದಿಮೂರು ಪಟ್ಟು, ಅಂದರೆ 11 ಕಿಲೋನ್ಯೂಟನ್ ಬಲ. ಗಂಟು ಬಿಗಿಯುವುದು, ಮೈ ಬಾಗುವುದು ಸೇರಿ ನಿಜಕ್ಕೆ ಕಡಿಮೆಯಾಗುತ್ತದೆ, ಆದರೂ ಬೆನ್ನಿಗೆ ಆಗುವ ಪೆಟ್ಟು ಸಣ್ಣದಲ್ಲ. ಕ್ಯಾರಬಿನರ್ ಮೇಲೆ 22 ಅಥವಾ 24 ಕಿಲೋನ್ಯೂಟನ್ ಎಂದು ಕೆತ್ತಿರುತ್ತಾರಲ್ಲ, ಅದು ಉದ್ದಕ್ಕೆ ಎಳೆದಾಗಿನ ಲೆಕ್ಕ. ಪಕ್ಕದಲ್ಲೇ ಸಣ್ಣದಾಗಿ ಅಡ್ಡಬಾಣದ ಗುರುತಿನ ಜೊತೆ 7 ಅಥವಾ 8 ಎಂದಿರುತ್ತದೆ. ತೊಗಟೆಗೆ ಒತ್ತಿ ಕ್ಯಾರಬಿನರ್ ಅಡ್ಡ ತಿರುಗಿದರೆ ನಿಮಗೆ ಉಳಿಯುವುದು ಆ ಏಳೋ ಎಂಟೋ. ಹತ್ತಿದ ಕೂಡಲೇ ಬೆರಳಾಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ: ಬೀಗ ಹಾಕಿದೆಯೇ, ಉದ್ದಕ್ಕಿದೆಯೇ, ಟೆದರ್ ಬಿಗಿಯಿದೆಯೇ.

ಜನ ಬೀಳುವ ಜಾಗ ಇನ್ನೊಂದಿದೆ. ಹತ್ತುವಾಗ ಮರ ಬಳಸಿ ಕಟ್ಟುವ ಲೈನ್‌ಮನ್ ಬೆಲ್ಟಿನಿಂದ ಟೆದರ್‌ಗೆ ಬದಲಾಗುವ ಆ ಅರ್ಧ ನಿಮಿಷ. ಟೆದರ್‌ಗೆ ಸಿಕ್ಕಿಸಿಕೊಂಡು, ಭಾರ ಬಿಟ್ಟು ಪರೀಕ್ಷಿಸಿದ ಮೇಲಷ್ಟೇ ಲೈನ್‌ಮನ್ ಬೆಲ್ಟ್ ಬಿಚ್ಚಿ. ಇಳಿಯುವಾಗ ಇದೇ ಕ್ರಮ ತಿರುಗುಮುರುಗು, ಕತ್ತಲಾಗಿರುತ್ತದೆ, ಬೆರಳು ಮರಗಟ್ಟಿರುತ್ತವೆ, ಮನೆಗೆ ಹೋಗುವ ಅವಸರ ಬೇರೆ. ಟೆದರ್‌ನ ಬಾಲದ ತುದಿಗೆ ಒಂದು ತಡೆಗಂಟು ಇರಲೇಬೇಕು, ಇಲ್ಲದಿದ್ದರೆ ಪ್ರೂಸಿಕ್ ಗಂಟು (ಟೆದರ್ ಮೇಲೆ ಕೈಯಿಂದ ಸರಿಯುವ, ಭಾರ ಬಿದ್ದರೆ ಕಚ್ಚಿಕೊಳ್ಳುವ ಗಂಟು) ಸರಿಸುತ್ತ ಸರಿಸುತ್ತ ಹಗ್ಗದಿಂದಲೇ ಕಳಚಿಕೊಂಡೀತು. ಪ್ರೂಸಿಕ್‌ನ ಹಗ್ಗ ಟೆದರ್‌ಗಿಂತ ತೆಳುವಾಗಿರಬೇಕು, ಆಗಲೇ ಹಿಡಿತ. ಪ್ರೂಸಿಕ್ ಬದಲಿಗೆ ಹಾಕುವ, ಹಲ್ಲಿರುವ ಲೋಹದ ಹಿಡಿಕೆ ರೋಪ್‌ಮ್ಯಾನ್ ಒಂದೇ ಕೈಯಲ್ಲಿ ಸರಿಯುತ್ತದೆ, ನನಗೂ ಇಷ್ಟ, ಆದರೆ ಅದನ್ನು ಅದಕ್ಕೆ ಹೇಳಿದ ದಪ್ಪದ ಹಗ್ಗದ ಮೇಲಷ್ಟೇ ಹಾಕಬೇಕು. ಡಿಸೆಂಬರಿನಲ್ಲಿ ಹಗ್ಗ ನೆನೆದು ಹಿಮಗಟ್ಟಿದರೆ ಗಂಟೂ ಲೋಹವೂ ಎರಡೂ ನಂಬಿಕೆಗೆ ಅರ್ಹವಲ್ಲ.

ನನ್ನ ಕಸುಬಿನವನಾಗಿ ಮರದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸ್ಯಾಡಲ್ ಬಂದ ಮೇಲೆ ಯಾವ ಮರವಾದರೂ ನಡೆಯುತ್ತದೆ ಎಂಬ ಉಮೇದು ಹುಟ್ಟುತ್ತದೆ. 2002ರಲ್ಲಿ ಡೆಟ್ರಾಯಿಟ್ ಆಸುಪಾಸಿನಲ್ಲಿ ಮೊದಲು ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿ ನಿಮ್ಮ ಭಾಗದ ಆ್ಯಶ್ ಮರಗಳನ್ನು ಕೊಂದುಹಾಕಿದೆ. ಸತ್ತ ಆ್ಯಶ್ ನೋಡಲು ನೇರ, ಗಟ್ಟಿ. ಒಳಗೆ ಒಣಗಿ ಹಪ್ಪಳ. ಕೂಲಿ ಕೊಡುತ್ತೇವೆಂದರೂ ನಾವು ಅದನ್ನು ಹತ್ತುವುದಿಲ್ಲ, ಯಂತ್ರದ ಬುಟ್ಟಿಯಲ್ಲಿ ನಿಂತು ಕಡಿಯುತ್ತೇವೆ. ತೊಗಟೆಯಲ್ಲಿ ಇಂಗ್ಲಿಷಿನ ಡಿ ಆಕಾರದ ಸಣ್ಣ ತೂತು, ಬುಡದಲ್ಲಿ ಬಿದ್ದ ಬಿಳಿಚಿದ ತೊಗಟೆ ಚೂರು ಕಂಡರೆ ಮುಂದಿನ ಮರಕ್ಕೆ ಹೋಗಿ. ಬೀಚ್ ಮರದ ತೊಗಟೆ ನುಣುಪು, ಅದರಲ್ಲಿ ಲೈನ್‌ಮನ್ ಬೆಲ್ಟ್ ಜಾರುತ್ತದೆ. ಶ್ಯಾಗ್‌ಬಾರ್ಕ್ ಹಿಕರಿ ಬಲವಾದ ಮರ, ಆದರೆ ಸಿಪ್ಪೆ ಎದ್ದ ತೊಗಟೆ ನೀವು ಮೊಣಕಾಲು ಊರಿದಾಗಲೆಲ್ಲ ಕಿರುಗುಡುತ್ತದೆ. ಓಕ್ ಸಿಕ್ಕರೆ ಓಕ್. ಓಕ್ ಕೊಂಬೆಗಳನ್ನು ಏಪ್ರಿಲ್ ಮಧ್ಯದಿಂದ ಜುಲೈ ಮಧ್ಯದವರೆಗೆ ಕತ್ತರಿಸಬೇಡಿ, ಹಸಿ ಗಾಯದಿಂದ ಓಕ್ ವಿಲ್ಟ್ ರೋಗ ಹರಡುತ್ತದೆ. ಸಾರ್ವಜನಿಕ ಜಾಗದಲ್ಲಿ ಮರಕ್ಕೆ ತಿರುಪಿ ಹೊಡೆಯುವ ಮೆಟ್ಟಿಲುಗಳಿಗೆ ಮಿಷಿಗನ್ನಿನಲ್ಲಿ ಅನುಮತಿಯಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಬಿಗಿಯುವ ಸ್ಟಿಕ್ಕೇ ಗತಿ.

ತೂಕದ ಬಗ್ಗೆ ಹಿಂಜರಿಯಬೇಡಿ. 86 ಕೆ.ಜಿ. ಏನೂ ಅಲ್ಲ, ನಿಮಗಿಂತ ಭಾರದವರು ಆರಾಮವಾಗಿ ಬಳಸುತ್ತಾರೆ. ಅಳತೆ ಮಾತ್ರ ಚಳಿಗಾಲದ ಪ್ಯಾಂಟು ಹಾಕಿಕೊಂಡು ನೋಡಿ. ಜೀನ್ಸ್ ಮೇಲೆ ಸರಿಹೋದದ್ದು ಉಣ್ಣೆಯ ಎರಡು ಪದರದ ಮೇಲೆ ಸರಿಹೋಗುವುದಿಲ್ಲ. ಬಳಸಿದ ಸ್ಯಾಡಲ್ ಅರ್ಧ ಬೆಲೆಗೆ ಸಿಕ್ಕಿದರೆ ಕೊಳ್ಳಬಹುದು, ಆದರೆ ಟೆದರ್, ಬ್ರಿಡ್ಜ್, ಪ್ರೂಸಿಕ್ ಹೊಸದೇ ಹಾಕಿ. ಹಗ್ಗಕ್ಕೆ ಬಿಸಿಲು, ಬ್ಯಾಟರಿ ಆ್ಯಸಿಡ್ ಎಲ್ಲಿ ತಗುಲಿತ್ತೋ ಮಾರುವವರಿಗೂ ನೆನಪಿರುವುದಿಲ್ಲ.

ಅಪ್ಪಯ್ಯನವರ ಮಾತಿಗೆ ಎದುರಾಡಲು ನನಗೆ ಧೈರ್ಯವಿಲ್ಲ, ಮರದಿಂದ ಮರಕ್ಕೆ ಜೀಕಿ ಹೋಗುವ ಕೊನೆಗಾರನ ಮುಂದೆ ನಾವೆಲ್ಲ ಮಕ್ಕಳೇ. ಆದರೆ ಆ ಕಸುಬಿನಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ಮಲೆನಾಡಿನ ಯಾವ ಊರಿನಲ್ಲಿಲ್ಲ? ತೆಂಗಿನ ಮರ ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿ ಕೇರ ಸುರಕ್ಷಾ ವಿಮೆ ತಂದದ್ದು ಸುಮ್ಮನೆ ಅಲ್ಲ. ಕೊನೆಗಾರ ಒಂದು ಮರದಲ್ಲಿ ಕೆಲವು ನಿಮಿಷ ಇರುತ್ತಾನೆ, ಎಚ್ಚರದಲ್ಲಿರುತ್ತಾನೆ. ನೀವು ಮೂರು ಗಂಟೆ ಚಳಿಯಲ್ಲಿ ಅಲುಗಾಡದೆ ಇರುತ್ತೀರಿ, ತೂಕಡಿಕೆಯೂ ಬರುತ್ತದೆ. ಹಗ್ಗ ಬೇಕಾಗುವುದು ಅದಕ್ಕೆ.

ಹೆಂಡತಿಯ ಭಯಕ್ಕೆ ಒಂದು ಉಪಾಯ: ಆಗಸ್ಟಿನಲ್ಲಿ ಹಿತ್ತಲ ಮರಕ್ಕೆ ಮೊಣಕಾಲೆತ್ತರದಲ್ಲಿ ಪ್ಲಾಟ್‌ಫಾರ್ಮ್ ಕಟ್ಟಿ ಅವರೆದುರೇ ಅಭ್ಯಾಸ ಮಾಡಿ. ಸಂಜೆ ಒಂದು ಗಂಟೆ ಜೋತುಕೊಂಡು ಆಫೀಸಿನ ಮೀಟಿಂಗ್ ಕೇಳಿಸಿಕೊಳ್ಳಿ, ಬ್ರಿಡ್ಜ್ ಉದ್ದ, ಟೆದರ್ ಎತ್ತರ ಬದಲಿಸುತ್ತ ಹೋಗಿ, ಸರಿಹೋದ ಜಾಗಕ್ಕೆ ಹಗ್ಗದ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ಬೇಕೆಂದೇ ಕಾಲು ಜಾರಿಸಿ ಜೋತು, ಮತ್ತೆ ಹತ್ತಿ ತೋರಿಸಿ. ಕಾಡಿಗೆ ಹೊರಡುವಾಗ ಮರದ ಜಾಗವನ್ನು ಅವರ ಫೋನಿಗೆ ಕಳಿಸಿ, ನಿಮ್ಮ ಫೋನು ಎದೆಯ ಜೇಬಿನಲ್ಲಿರಲಿ. ಚೀಲದಲ್ಲಿದ್ದರೆ ಕೈಗೆ ಎಟುಕದು. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತಬೇಡಿ, ಮೇಲೆ ಹೋಗಿ ಕಟ್ಟಿಕೊಂಡ ಮೇಲೆ ದಾರದಿಂದ ಎಳೆದುಕೊಳ್ಳಿ.

ಕ್ಲೈಂಬರ್ ಮಾರುವ ಅವಸರ ಮಾಡಬೇಡಿ. ಮೊದಲ ಅಕ್ಟೋಬರ್ ಸಂಜೆಯ ಎರಡು ಗಂಟೆಗಳನ್ನಷ್ಟೇ ಸ್ಯಾಡಲ್‌ನಲ್ಲಿ ಕಳೆಯಿರಿ. ನವೆಂಬರಿನ ಮೊದಲ ವಾರ, ಗಂಡು ಜಿಂಕೆಗಳು ಹಗಲಲ್ಲೇ ಓಡಾಡುವ ಸಮಯದಲ್ಲಿ ದಿನವಿಡೀ ಕೂರಬೇಕೆನಿಸಿದರೆ ಹಳೆಯದನ್ನೇ ಹೊತ್ತೊಯ್ಯಿರಿ. ಚಳಿಗಾಲ ಮುಗಿಯುವಷ್ಟರಲ್ಲಿ ಗ್ಯಾರೇಜಿನಿಂದ ಯಾವುದನ್ನು ಹೆಚ್ಚು ಸಲ ತೆಗೆದಿರಿ ಎಂದು ನಿಮಗೇ ಗೊತ್ತಾಗುತ್ತದೆ, ಆಮೇಲೆ ಮಾರಿದರಾಯಿತು.